ಕ್ಯಾಚ್ ಕ್ಯಾನ್ ಯಾಕೆ ತುಂಬುತ್ತದೆ? ಗಾಡಿ ಪ್ರಶ್ನೋತ್ತರ

ಪ್ರಶ್ನೆ: ನಂದು 1.3 ಲೀಟರ್ ಪೆಟ್ರೋಲ್ ಜಿಪ್ಸಿ. ಬ್ಲಾಕ್ 0.5 ಮಿ.ಮೀ. ಬೋರ್ ಮಾಡಿಸಿ, ಕ್ಯಾಮ್ ಬದಲಿಸೇನಿ. ಟ್ಯಾಪೆಟ್ ಕವರಿಗೆ (ಎಂಜಿನ್ ತಲಿ ಮ್ಯಾಲಿನ ಮುಚ್ಚಳ) ದೊಡ್ಡ ನಿಪ್ಪಲ್ ವೆಲ್ಡ್ ಮಾಡಿಸಿ ಕ್ಯಾಚ್ ಕ್ಯಾನ್ (ಎಂಜಿನ್ ಒಳಗಿನ ಹೊಗಿಯೊಳಗಿನ ಆಯಿಲ್ ಹಿಡಿಯೂ ಡಬ್ಬಿ) ಕೂಡಿಸೇನಿ. ಅಂಕೋಲಾಕ್ಕ ಹೋಗಿ ಬರೂದ್ರಾಗ ಕಾಲು ಲೀಟರ್ ಆಯಿಲ್ ಕ್ಯಾನಿನ್ಯಾಗ ಇರ್ತೈತಿ. ಅರಬೈಲ್ ಘಟ್ಟ ಇಳದು ಎಕ್ಸಲೇಟರ್ ಒತ್ತಿದ್ರ ನೀಲಿ ಹೊಗಿ. ಗ್ಯಾರೇಜಿನವರು "ಬ್ಯಾಕ್ ಕಂಪ್ರೆಶನ್ ಐತ್ರಿ, ಇನ್ನೂ ದೊಡ್ಡ ಡಬ್ಬಿ ಹಾಕ್ರಿ" ಅಂತಾರ. ಏನ್ ಮಾಡ್ಲಿ?
— ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ದೊಡ್ಡ ಡಬ್ಬಿ ಹಾಕಿದರೆ ಖಾಲಿ ಮಾಡುವ ಕೆಲಸ ಕಡಿಮೆಯಾದೀತು, ಆಯಿಲ್ ಬರುವುದು ಕಡಿಮೆಯಾಗದು. ಮೊದಲು ಡಬ್ಬಿಯೊಳಗೆ ಬಂದದ್ದನ್ನು ಗಾಜಿನ ಬಾಟಲಿಗೆ ಹಾಕಿ ಒಂದು ರಾತ್ರಿ ಬಿಡಿ. ಹಾಲು ಹಾಕಿದ ಚಹಾದ ಬಣ್ಣವಿದ್ದು ಬೆಳಿಗ್ಗೆ ತಳದಲ್ಲಿ ನೀರು ನಿಂತಿದ್ದರೆ ಅದು ಉಗಿ ತಣಿದು ಆದದ್ದು; ಸಾವಿರ ಕಿ.ಮೀ.ಗೆ ಒಂದೆರಡು ಚಮಚ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಡಿಪ್‌ಸ್ಟಿಕ್‌ನಲ್ಲಿ ಕಾಣುವಂಥದೇ ಶುದ್ಧ ಆಯಿಲ್ ಕಾಲು ಲೀಟರ್ ಬಂದಿದ್ದರೆ ಹೊಗೆಯ ಜೊತೆ ಆಯಿಲ್ ಹಸಿಯಾಗಿಯೇ ಎದ್ದು ಹೋಗುತ್ತಿದೆ. ಇದಕ್ಕೆ ಎರಡೇ ದಾರಿ: ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಗ್ಯಾಸ್ ವಿಪರೀತ ಇರಬೇಕು (ಗ್ಯಾರೇಜಿನವರು ಹೇಳುವ ಬ್ಯಾಕ್ ಕಂಪ್ರೆಶನ್ ಇದೇ), ಇಲ್ಲವೇ ಗ್ಯಾಸ್ ಹೊರಗೆ ಹೋಗುವ ಬಾಯಿಯಲ್ಲೇ ಆಯಿಲ್ ಚಿಮ್ಮುತ್ತಿರಬೇಕು. ಮಾರ್ಪಡಿಸಿದ ಎಂಜಿನ್‌ಗಳಲ್ಲಿ ಎರಡನೆಯದೇ ಹೆಚ್ಚು, ಆದರೆ ಬೈಗುಳ ಮಾತ್ರ ರಿಂಗಿಗೆ.

ಗ್ಯಾಸ್ ಎಷ್ಟಿದೆ ಎಂದು ಅಳೆಯಲು ದೊಡ್ಡ ಸಾಧನ ಬೇಡ. 6 ಮಿ.ಮೀ. ಒಳವ್ಯಾಸದ ಪಾರದರ್ಶಕ ಪೈಪು 3 ಮೀಟರ್ ತನ್ನಿ. ಒಂದು ಹಲಗೆಗೆ ಮೀಟರ್ ಎತ್ತರದ ಯು ಆಕಾರದಲ್ಲಿ ಕಟ್ಟಿ, ಕುಂಕುಮ ಕಲಸಿದ ನೀರನ್ನು ಅರ್ಧಕ್ಕೆ ತುಂಬಿ. ಡಿಪ್‌ಸ್ಟಿಕ್ ತೆಗೆದು ಆ ಕೊಳವೆಗೆ ಪೈಪಿನ ಒಂದು ತುದಿಯನ್ನು ಗಾಳಿ ಸೋರದಂತೆ ಜೋಡಿಸಿ, ಇನ್ನೊಂದು ತುದಿ ತೆರೆದೇ ಇರಲಿ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿದ್ದಾಗ ನೀರು ಎಂಜಿನ್ ಕಡೆಗೆ ಸ್ವಲ್ಪ ಏರಬೇಕು, ಅಂದರೆ ಒಳಗೆ ಎಳೆತವಿದೆ. ಸರಸರನೆ ಏರತೊಡಗಿದರೆ ತಕ್ಷಣ ಪೈಪು ಕೀಳಿ, ಇಲ್ಲದಿದ್ದರೆ ಕುಂಕುಮದ ನೀರು ಚೇಂಬರಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿದೀತು. ಹಾಗೆ ಏರಿದರೆ ಪಿಸಿವಿ ವಾಲ್ವ್ (ಈ ಗ್ಯಾಸನ್ನು ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಗೆ, ಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡು, ಗಾಳಿ ಒಳಬರುವ ಬ್ರೀದರ್ ಹೋಸ್ ಮುಚ್ಚಿದೆ ಎಂದರ್ಥ. ನೀರು ಹೊರಗಡೆಗೆ ತಳ್ಳಲ್ಪಟ್ಟರೆ ಟ್ಯಾಪೆಟ್ ಕವರಿನ ಹೋಸ್ ಕಳಚಿ ನೋಡಿ. ಒತ್ತಡ ಇಳಿದುಹೋದರೆ ಹೋಸ್ ಅಥವಾ ಕ್ಯಾನಿನೊಳಗಿನ ಜಾಲರಿ ಕಟ್ಟಿದೆ. ಕಳಚಿದ ಮೇಲೂ ರೈಲಿನ ಹೊಗೆಯಂತೆ ಬುಸುಗುಟ್ಟಿದರೆ ಮಾತ್ರ ರಿಂಗ್ ಅನುಮಾನ. ಆಗ ಲೀಕ್ ಡೌನ್ ಟೆಸ್ಟ್ (ಸಿಲಿಂಡರಿಗೆ ಒತ್ತಡದ ಗಾಳಿ ಬಿಟ್ಟು ಎಷ್ಟು ಸೋರುತ್ತದೆ ಎಂದು ಅಳೆಯುವುದು) ಮಾಡಿಸಿ: ಸುಮಾರು ಶೇ. 10ರವರೆಗೆ ಸೋರಿದರೆ ಸರಿ; ಶೇ. 20 ದಾಟಿ, ಗಾಳಿಯ ಸದ್ದು ಆಯಿಲ್ ಹಾಕುವ ಬಾಯಿಯಿಂದ ಬಂದರೆ ಎಂಜಿನ್ ಬಿಚ್ಚದೆ ಗತಿಯಿಲ್ಲ.

ಬಿಚ್ಚಿದರೆ ಒಂದು ವಿಷಯ ನೋಡಿ. ನಿಮ್ಮ 74 ಮಿ.ಮೀ. ಬೋರ್ ಈಗ 74.5 ಆಗಿದೆ. ಯಾರಾದರೂ ಹಳೆಯ ಅಳತೆಯ ರಿಂಗನ್ನೇ ಹಾಕಿದ್ದರೆ ಸುತ್ತಳತೆ 1.57 ಮಿ.ಮೀ. ಬೆಳೆದು ರಿಂಗಿನ ತುದಿಗಳ ನಡುವೆ ಅಷ್ಟೂ ಅಂತರ ಸೇರಿಕೊಂಡಿರುತ್ತದೆ. ಟರ್ಬೊ ಇಲ್ಲದ ನಿಮ್ಮ ಎಂಜಿನ್ನಿಗೆ ಮೇಲಿನ ರಿಂಗಿನ ಅಂತರ 0.30 ಮಿ.ಮೀ. ಆಸುಪಾಸು ಸಾಕು. ರಿಂಗನ್ನು ಒಂಟಿಯಾಗಿ ಬೋರಿಗೆ ಇಳಿಸಿ, ತಲೆಕೆಳಗಾದ ಪಿಸ್ಟನ್‌ನಿಂದ ಒಂದು ಅಂಗುಲ ಒಳಕ್ಕೆ ನೇರವಾಗಿ ತಳ್ಳಿ, ಫೀಲರ್ ಗೇಜ್ ತೂರಿಸಿ ಅಳೆಯಿರಿ. ಎರಡನೆಯ ರಿಂಗ್ ಗುರುತಿನ ಮುಖ ಮೇಲಾಗಿಯೇ ಕೂರಬೇಕು. ತಿರುವುಮುರುವಾದರೆ ಆಯಿಲನ್ನು ಕೆಳಗೆ ಕೆರೆಯುವ ಬದಲು ಮೇಲಕ್ಕೆ ಎತ್ತಿ ಕೊಡುತ್ತದೆ.

ಆದರೆ ನನ್ನ ಅನುಮಾನ ನಿಮ್ಮ ಹೊಸ ನಿಪ್ಪಲ್ ಮೇಲೆ. ಕವರ್ ತೆಗೆದು ತಿರುವಿ ಹಾಕಿ ನೋಡಿ. ಕಂಪನಿ ಕೊಟ್ಟ ಬಾಯಿಯ ಕೆಳಗೆ ತಗಡಿನ ತಡೆ ಇರುತ್ತದೆ. ವೆಲ್ಡ್ ಮಾಡಿದ್ದಕ್ಕೆ ಅದು ಇರುವುದಿಲ್ಲ. ರಾಕರ್ ಚಿಮ್ಮಿಸುವ ಆಯಿಲ್ ನೇರವಾಗಿ ಆ ತೂತಿಗೇ ಹೋಗುತ್ತದೆ. 1.5 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಸಣ್ಣ ಪೆಟ್ಟಿಗೆಯಂತೆ ಮಾಡಿ ಒಳಗಡೆಯಿಂದ ವೆಲ್ಡ್ ಮಾಡಿಸಿ: ಗ್ಯಾಸ್ ಒಂದು ಪಕ್ಕದಿಂದ ಸುತ್ತಿ ಬರಲಿ, ಅತಿ ತಗ್ಗಿನ ಮೂಲೆಯಲ್ಲಿ 4 ಮಿ.ಮೀ. ತೂತಿನಿಂದ ಆಯಿಲ್ ಮರಳಿ ಇಳಿಯಲಿ. ಸ್ಕ್ರೂ ಹಾಕಬೇಡಿ, ಸಡಿಲಾಗಿ ಕ್ಯಾಮ್ ಮೇಲೆ ಬಿದ್ದರೆ ಮುಗಿಯಿತು. ಕವರ್ ತೆಗೆದಿದ್ದಾಗಲೇ ಹೆಡ್ಡಿನ ಮೇಲೆ ಲೋಟ ಬಿಸಿ ಆಯಿಲ್ ಸುರಿಯಿರಿ. ಒಂದು ಮೂಲೆಯಲ್ಲಿ ಕೆರೆಯಂತೆ ನಿಂತರೆ ಅಲ್ಲಿನ ಇಳಿಗಂಡಿ ಮುಚ್ಚಿದೆ. ಬಹಳ ಸಲ ಒಳಗೆ ಸಿಗುವುದು ಗ್ಯಾಸ್ಕೆಟ್‌ಗೆ ಮೆತ್ತಿದ ಸಿಲಿಕಾನ್ ಗಮ್ಮಿನ ತುಂಡು. ಡಿಪ್‌ಸ್ಟಿಕ್ ಗುರುತಿನ ಮೇಲೆ "ಇರಲಿ" ಎಂದು ಅರ್ಧ ಲೀಟರ್ ಹೆಚ್ಚು ಹಾಕುವ ಚಟ ಇದ್ದರೆ ಬಿಡಿ. ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತದೆ.

ಇನ್ನು ಘಟ್ಟದ ಹೊಗೆ. ಗೇರಿನಲ್ಲಿ ಎಕ್ಸಲೇಟರ್ ಬಿಟ್ಟು ಇಳಿಯುವಾಗ ಥ್ರಾಟಲ್ ಮುಚ್ಚಿ ಮ್ಯಾನಿಫೋಲ್ಡಿನಲ್ಲಿ ಎಳೆತ ತೀರಾ ಜೋರಾಗಿರುತ್ತದೆ. ಆಯಿಲ್ ಪಿಸಿವಿ ಮೂಲಕವೂ ಬರಬಹುದು, ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್) ಮೂಲಕವೂ ಬರಬಹುದು. ಒಂದು ಇಳಿತದ ಮಟ್ಟಿಗೆ ಪಿಸಿವಿ ಹೋಸ್ ಕಳಚಿ ಮ್ಯಾನಿಫೋಲ್ಡ್ ನಿಪ್ಪಲ್ಲಿಗೂ ಹೋಸಿಗೂ ಬಿರಡೆ ಹಾಕಿ, ಬ್ರೀದರ್ ಕ್ಯಾನಿಗೆ ತೆರೆದಿರಲಿ. ಕೆಳಗೆ ಬಂದು ಒತ್ತಿದಾಗ ಹೊಗೆ ಇಲ್ಲದಿದ್ದರೆ ತಪ್ಪು ಪಿಸಿವಿಯದು, ಹಾಗೇ ಇದ್ದರೆ ಹೆಚ್ಚಾಗಿ ವಾಲ್ವ್ ಸೀಲಿನದು. ಪರೀಕ್ಷೆ ಮುಗಿದ ಮೇಲೆ ಬಿರಡೆ ತೆಗೆಯಲು ಮರೆಯಬೇಡಿ.

ಪ್ರಶ್ನೆ: ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ 1.3 ಡೀಸೆಲ್ ಸ್ವಿಫ್ಟ್. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವುದು) ಪೈಪ್ ತುಂಬ ಆಯಿಲ್. ಬ್ರೀದರ್ ಹೋಸ್ ಕಿತ್ತು ಕೆಳಕ್ಕೆ ಇಳಿಬಿಡಲೇ?
— ಓದುಗರು, ಗದಗ

ಉತ್ತರ: ಬೇಡ. ಆ ಹೋಸ್ ಸೇರುವುದು ಏರ್ ಫಿಲ್ಟರ್ ಆದಮೇಲೆ, ಟರ್ಬೊಗಿಂತ ಮೊದಲು. ಕಿತ್ತು ಆ ಬಾಯಿ ಮುಚ್ಚದೆ ಬಿಟ್ಟರೆ ಟರ್ಬೊ ಸೋಸದ ಗಾಳಿ ಎಳೆಯುತ್ತದೆ. ನಿಮ್ಮ ಕಡೆಯ ಎರೆ ಮಣ್ಣಿನ ಧೂಳು ಸೀದಾ ಬೋರಿಗೆ ಹೋದರೆ ಇಲ್ಲದ ಬ್ಯಾಕ್ ಕಂಪ್ರೆಶನ್ ನೀವೇ ತಂದುಕೊಂಡಂತೆ. ಪೈಪಿನೊಳಗೆ ಬೆರಳಿಗೆ ಅಂಟುವಷ್ಟು ಆಯಿಲ್ ಇದ್ದರೆ ಸಹಜ. ಇಂಟರ್‌ಕೂಲರ್ ಬಗ್ಗಿಸಿದಾಗ ಸುರಿಯುವಷ್ಟಿದ್ದರೆ ಗಾಡಿ ಓಡಿಸಬೇಡಿ: ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಚಾವಿ ತಿರುಗಿಸಿದರೂ ನಿಲ್ಲದೆ ಕಿರುಚಬಲ್ಲದು. ಹಾಗಾದರೆ ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಿ. ಗಾಳಿಯ ಬಾಯಿಗೆ ಕೈ ಅಡ್ಡ ಇಡಬೇಡಿ.

ಇಂಟರ್‌ಕೂಲರ್ ತೊಳೆದ ಮೇಲೆ ಟರ್ಬೊದಿಂದ ಚೇಂಬರಿಗೆ ಇಳಿಯುವ ಆಯಿಲ್ ಪೈಪ್ ನೋಡಿ. ಅದರಲ್ಲಿ ಒತ್ತಡವಿಲ್ಲ, ಆಯಿಲ್ ತನ್ನ ಭಾರದಿಂದಲೇ ಇಳಿಯಬೇಕು. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಕಟ್ಟಿದರೆ ಅಥವಾ ಪೈಪ್ ಎಲ್ಲೋ ಹಿಂಡಿದ್ದರೆ ಆಯಿಲ್ ಹಿಂದೆ ನಿಂತು ಟರ್ಬೊ ಸೀಲ್ ದಾಟುತ್ತದೆ. ಎಷ್ಟೋ ಟರ್ಬೊಗಳನ್ನು ಈ ಕಾರಣಕ್ಕೆ ಸುಮ್ಮನೆ ಬದಲಿಸಿ, ತಿಂಗಳಲ್ಲಿ ಮತ್ತೆ ಅದೇ ಹೊಗೆ ನೋಡಿದವರಿದ್ದಾರೆ.

ಪ್ರಶ್ನೆ: ಕ್ಯಾಚ್ ಕ್ಯಾನ್ ನಾನೇ ಮಾಡಿಕೊಳ್ಳುವೆ. ಅಳತೆ ತಿಳಿಸಿ.
— ಓದುಗರು, ರಾಣೆಬೆನ್ನೂರು

ಉತ್ತರ: ಅರ್ಧ ಲೀಟರಿನ ಲೋಹದ ಡಬ್ಬಿ ಸಾಕು. ಒಳಬರುವ ಕೊಳವೆ ಮಧ್ಯದವರೆಗೆ ಇಳಿದಿರಲಿ, ಹೊರಹೋಗುವುದು ಮೇಲ್ಭಾಗದಲ್ಲಿ. ನಡುವೆ ಎರಡು ತೂತಿನ ತಗಡು, ಅವುಗಳ ಮಧ್ಯೆ ಸ್ಟೇನ್‌ಲೆಸ್ ಜಾಲರಿ ಬಿಗಿಯಾಗಿ. ಪಾತ್ರೆ ತಿಕ್ಕುವ ನಾರು ಬಿಡಿಬಿಡಿಯಾಗಿ ತುರುಕಿದರೆ ಎಳೆ ಉದುರಿ ಎಂಜಿನ್ ಸೇರುತ್ತದೆ. ಬ್ರೀದರ್ ಹೋಸ್ ಮೂಲದ ಅಳತೆಗಿಂತ ಸಣ್ಣದಾಗಕೂಡದು. ರೇಡಿಯೇಟರ್ ಹೋಸ್ ಆಯಿಲಿಗೆ ಊದಿ ಮೆತ್ತಗಾಗುತ್ತದೆ, ನೈಟ್ರೈಲ್ ರಬ್ಬರಿನದೇ ಕೇಳಿ ತನ್ನಿ. ಪಿಸಿವಿ ಕಡೆಗೆ ಹಾಕುವುದಾದರೆ ದಪ್ಪ ಗೋಡೆಯ ಹೋಸ್ ಬೇಕು, ಎಳೆತಕ್ಕೆ ಚಪ್ಪಟೆಯಾಗಬಾರದು. ಡಬ್ಬಿಯಲ್ಲಿ ಕೂದಲಷ್ಟು ಸೋರಿದರೂ ಐಡಲ್ ಕೆಡುತ್ತದೆ. ಹೋಸ್ ದಾರಿಯಲ್ಲಿ ತಗ್ಗು ಬಿಡಬೇಡಿ, ಅಲ್ಲೇ ಆಯಿಲ್ ನಿಂತು ಬಿರಡೆಯಾಗುತ್ತದೆ.

ಪ್ರಶ್ನೆ: ಟ್ಯಾಪೆಟ್ ಕವರ್ ಮೇಲೆ ಸಣ್ಣ ಫಿಲ್ಟರ್ ಸಿಕ್ಕಿಸಿ ಹೊಗೆ ಹೊರಗೆ ಬಿಟ್ಟರೆ ಪಿಯುಸಿ ಸಿಗುತ್ತದೆಯೇ?
— ಓದುಗರು, ಧಾರವಾಡ

ಉತ್ತರ: ಪಿಯುಸಿ ಯಂತ್ರದ ಕೊಳವೆ ಸೈಲೆನ್ಸರಿಗೆ ಹೋಗುತ್ತದೆ, ಆದ್ದರಿಂದ ಸಿಕ್ಕೀತು. ಆದರೂ ಅದು ನಿಯಮಕ್ಕೆ ವಿರುದ್ಧ. ಜೊತೆಗೆ ಆ ಫಿಲ್ಟರ್ ಆಯಿಲಿಗೆ ಧೂಳು ಹಿಡಿದು ಸುಗ್ಗಿ ಮುಗಿಯುವುದರೊಳಗೆ ಕಟ್ಟುತ್ತದೆ. ಆಗ ಒಳಗೆ ಒತ್ತಡ ಕಟ್ಟಿ ಸೀಲುಗಳು ಸೋರುತ್ತವೆ. ಕ್ರ್ಯಾಂಕಿನ ಹಿಂದಿನ ಸೀಲ್ ಸೋರಿದರೆ ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.