‘ಚೀ’ ಪುಸ್ತಕ ಓದಿ ಥೆರಪಿ ನಿಲ್ಲಿಸಬೇಡಿ

ಈ ತಿಂಗಳೂ ಅದೇ ಪ್ರಶ್ನೆ. ಬರೆದವರು ಬೇರೆ, ಊರು ಬೇರೆ, ವಿಷಯ ಮಾತ್ರ ಅದೇ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ, ಆಟಿಸಂ ಇದೆ. ಚಿಗಾಂಗ್ (ಉಸಿರಾಟ, ನಿಧಾನ ಚಲನೆಗಳ ಚೀನಾದ ಹಳೆಯ ಪದ್ಧತಿ) ಬಗ್ಗೆ ಒಂದು ಪುಸ್ತಕ ಓದಿದೆ. ಮಗುವಿನ ಮೈಯಲ್ಲಿ ‘ಚೀ’ ಅನ್ನೋ ಶಕ್ತಿ ಕಟ್ಟಿಕೊಂಡಿದೆ, ಬಸುರಿನಲ್ಲಿ ತಾಯಿ ಪಟ್ಟ ದುಃಖವೇ ಕಾರಣ ಅಂತ ಅದರಲ್ಲಿದೆ. ಕುಂಗ್‌ಫೂ ಕಲಿಸುವ ಮಾಸ್ಟರ್ ಒಬ್ಬರು ಆರು ತಿಂಗಳಲ್ಲಿ ಗುಣ ಮಾಡುತ್ತೇನೆ, ಸ್ಪೀಚ್ ಥೆರಪಿ ಬಿಡಿಸಿ ಅನ್ನುತ್ತಾರೆ. ಬಿಡಿಸಲಾ?

ಉತ್ತರ: ಬಿಡಿಸಬೇಡಿ.

ನಿಮ್ಮ ದುಃಖದಿಂದ ಇದು ಬಂದಿಲ್ಲಮ್ಮ. ಈ ಸುಳ್ಳು ಹೊಸದೇನಲ್ಲ. 1950-60ರ ದಶಕದಲ್ಲಿ ಅಮೆರಿಕದ ದೊಡ್ಡ ದೊಡ್ಡ ತಜ್ಞರೇ ಪ್ರೀತಿ ತೋರಿಸದ ತಾಯಂದಿರಿಂದ ಆಟಿಸಂ ಬರುತ್ತೆ ಅಂತ ಹೇಳಿ ಎಷ್ಟೋ ಹೆಂಗಸರನ್ನು ಅಳಿಸಿದ್ದರು. ಅದು ತಪ್ಪು ಅಂತ 1964ರಲ್ಲೇ ಬರ್ನಾರ್ಡ್ ರಿಮ್ಲ್ಯಾಂಡ್ ವಾದಿಸಿದರು. ಅವರು ಮನಶ್ಶಾಸ್ತ್ರಜ್ಞ, ಜೊತೆಗೆ ಆಟಿಸಂ ಇದ್ದ ಮಗನ ತಂದೆ. ಅದೇ ಮಾತನ್ನು ಈಗ ‘ಶಕ್ತಿ’ ಅಂತ ಹೆಸರು ಬದಲಿಸಿ ಮಾರಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಇಂಥ ಮಾಸ್ಟರುಗಳು ಹೇಳುವ ಚಿಗಾಂಗ್ ಮಸಾಜ್. ಅಮೆರಿಕದ ಒರೆಗಾನ್‌ನ ವೈದ್ಯೆ ಲೂಯಿಸಾ ಸಿಲ್ವಾ ಇಂಥ ಮಸಾಜ್ ಒಂದನ್ನು ಆಟಿಸಂ ಇರುವ ಚಿಕ್ಕ ಮಕ್ಕಳ ಮೇಲೆ ಪ್ರಯೋಗ ಮಾಡಿದ್ದರು. ಮಾಸ್ಟರುಗಳು ಇದರ ಹೆಸರು ಹೇಳುತ್ತಾರೆ, ಆದರೆ ಪೂರ್ತಿ ಹೇಳೋದಿಲ್ಲ. ಅಲ್ಲಿ ಮಸಾಜ್ ಮಾಡಿದವರು ಅಪ್ಪ ಅಮ್ಮ. ದಿನಕ್ಕೆ ಸುಮಾರು 15 ನಿಮಿಷ, ಹಲವು ತಿಂಗಳು. ನಿದ್ದೆ, ಹಟ, ಮುಟ್ಟಿದರೆ ಬೆಚ್ಚುವುದು ಇವು ಸ್ವಲ್ಪ ಸುಧಾರಿಸಿದವು ಅಂತ ವರದಿ ಬಂತು. ಆದರೆ ಪ್ರಯೋಗಗಳು ಚಿಕ್ಕವು. ಮಗು ಎಷ್ಟು ಸುಧಾರಿಸಿದೆ ಅಂತ ಅಂಕ ಹಾಕಿದವರಲ್ಲಿ ಮಸಾಜ್ ಮಾಡಿದ ಪೋಷಕರೂ ಇದ್ದರು. ಅಷ್ಟು ಕಷ್ಟಪಟ್ಟವರಿಗೆ ಮಗು ಸುಧಾರಿಸಿದೆ ಅಂತ ಅನ್ನಿಸೋದು ಸಹಜ ಅಲ್ವಾ? ಆ ತಂಡದವರು ಕೂಡ ಮುಖ್ಯವಾಗಿ ಹೇಳಿದ್ದು ಚರ್ಮದ ಸ್ಪರ್ಶದ ತೊಂದರೆ ಬಗ್ಗೆ. ‘ಚೀ’ಯನ್ನು ಯಾರೂ ಅಳೆದಿಲ್ಲ.

ಅಂದರೆ ರಾತ್ರಿ ಮಲಗುವ ಮುಂಚೆ ನೀವೇ ಮಗನ ಕೈಕಾಲು ನೀವಿ. ಎಣ್ಣೆ ಹಚ್ಚಿ ನೀವುವುದು ನಮ್ಮ ಮನೆಗಳಲ್ಲಿ ಇದ್ದದ್ದೇ, ಅದಕ್ಕೆ ಚೀನಾದ ಹೆಸರು ಬೇಡ. ಅವನು ಕೈ ಎಳೆದುಕೊಂಡರೆ ಅಲ್ಲಿಗೇ ಬಿಟ್ಟುಬಿಡಿ.

ಈ ಕೊನೆಯ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಮೊದಲು ಕಿರುಚುತ್ತಾನೆ, ಆಮೇಲೆ ಶಕ್ತಿ ಬಿಚ್ಚಿಕೊಳ್ಳುತ್ತದೆ’ ಅಂತ ಮಗುವನ್ನು ಅದುಮಿ ಹಿಡಿಯುವವರಿದ್ದಾರೆ. ಮಾತು ಬಾರದ ಮಗು ಬೇಡ ಅನ್ನೋದು ಕಿರುಚಿಯೇ. ಅದಕ್ಕೂ ಬೆಲೆ ಇಲ್ಲ ಅಂತ ಕಲಿತರೆ, ನಾಳೆ ಯಾರಾದರೂ ಕೆಟ್ಟದಾಗಿ ಮುಟ್ಟಿದಾಗ ಅವನು ಸುಮ್ನೆ ಇದ್ದುಬಿಡಬಹುದು. ಮನೆಗೆ ಬಂದು ಹೇಳಲೂ ಆಗದು. ಬಾಗಿಲು ಹಾಕಿದ ಕೋಣೆಯಲ್ಲಿ, ಪೋಷಕರನ್ನು ಹೊರಗೆ ಕೂರಿಸಿ ‘ಹೀಲಿಂಗ್’ ಮಾಡುತ್ತೇನೆ ಅನ್ನುವವರ ಹತ್ತಿರ ಮಗುವನ್ನು ಬಿಡಲೇಬೇಡಿ. ನಾನು ಈ ವಿಷಯದಲ್ಲಿ ಅತಿ ಎಚ್ಚರ ಅಂತ ಕೆಲವರು ಹೇಳುತ್ತಾರೆ. ಇರಲಿ.

ವ್ಯಾಯಾಮವಾಗಿ ಮಾರ್ಷಲ್ ಆರ್ಟ್ಸ್ ಬೇರೆ ಮಾತು. ಇರಾನ್‌ನಲ್ಲಿ ಆಟಿಸಂ ಇರುವ 30 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ 14 ವಾರ ಕರಾಟೆಯ ಕಟಾ (ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳು) ಕಲಿಸಿದರು. ಕೈ ಬಡಿಯುವುದು, ತೂಗಾಡುವುದು ಇಂಥವು ಅವರಲ್ಲಿ ಕಡಿಮೆಯಾದವು. ಅದೂ ಚಿಕ್ಕ ಅಧ್ಯಯನವೇ. ಮಗ ಸ್ವಲ್ಪ ದೊಡ್ಡವನಾದ ಮೇಲೆ ಇಷ್ಟಪಟ್ಟರೆ, ತಾಳ್ಮೆ ಇರುವ ಟೀಚರ್ ಸಿಕ್ಕರೆ ಕಳಿಸಿ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ಕಲಿಸುವ ಚಿಕಿತ್ಸೆ) ಜೊತೆಗೇ ನಡೆಯಲಿ. ಖರ್ಚು ಜಾಸ್ತಿ ಅನ್ನಿಸಿದರೆ ನಿಮ್ಮ ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗ ನೆರವು ಕೊಡುವ ಸರ್ಕಾರಿ ಕೇಂದ್ರ) ವಿಚಾರಿಸಿ. ಹತ್ತಿರವಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಬಗ್ಗೆಯೂ ಕೇಳಿ. ಮಾಸ್ಟರಿಗೆ ಕೊಡುವ ದುಡ್ಡು ಉಳಿಯಲಿ.

ಪ್ರಶ್ನೆ: ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಮಾತು ಬರುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ಆಟಿಸಂಗೆ ಸ್ಟೆಮ್ ಸೆಲ್ (ಆಕರ ಕೋಶ) ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುತ್ತಿದ್ದಾರೆ, ಸಾಲ ಮಾಡಲಾ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ, ಆಟಿಸಂಗೆ ಅದು ಕೆಲಸ ಮಾಡುತ್ತೆ ಅನ್ನಲು ಆಧಾರವಿಲ್ಲ.

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ. ಮಗಳ ಹತ್ತಿರ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಆಡಿ ಅಂತ ಸ್ನೇಹಿತರು ಹೇಳುತ್ತಾರೆ.

ಉತ್ತರ: ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತೆ ಅನ್ನೋದಕ್ಕೆ ಆಧಾರವಿಲ್ಲ. ಅಜ್ಜಿ ಫೋನಿನಲ್ಲಿ ‘ಊಟ ಆಯ್ತಾ ಪುಟ್ಟಾ’ ಅಂದರೆ ಅವಳಿಗೆ ಅರ್ಥ ಆಗಬೇಕು. ಕನ್ನಡದಲ್ಲೇ ಮಾತಾಡಿ.