ಆ ಕಣಿವೆಗಳಲ್ಲಿ ಮೊದಲು ಮನೆಗಳಿದ್ದವು

ಸಾಗರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಬಗ್ಗೆ ನೀವು ಬರೆದದ್ದನ್ನು ಓದಿದೆ. ನನ್ನ ಮಗಳು ಗ್ಲಾಸ್ಗೋದಲ್ಲಿದ್ದಾಳೆ. ನವೆಂಬರ್, ಡಿಸೆಂಬರ್ ಎರಡು ತಿಂಗಳು ಅಲ್ಲಿದ್ದು ಬಂದೆ. ನನಗೆ ಕಂಡಿದ್ದು ಮಳೆ, ಸಪ್ಪೆ ಗಂಜಿ, ಜನವೇ ಇಲ್ಲದ ಬೋಳು ಗುಡ್ಡ. ನಮ್ಮನ್ನು ಆಳಿದವರ ನಾಡು ಬೇರೆ. ನಿಮಗೆ ಅದರ ಮೇಲೆ ಇಷ್ಟು ಪ್ರೀತಿ ಯಾಕೆ? ಮಗಳು ಮತ್ತೆ ಕರೆಯುತ್ತಿದ್ದಾಳೆ. ಹೋಗಲೋ ಬೇಡವೋ?”

ಮೇಡಂ, ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಎರಡು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ನೀವು ಕೇಳಿದ್ದೆಲ್ಲ ಸರಿಯಾದ ಪ್ರಶ್ನೆಗಳೇ. ನನ್ನ ಲೇಖನದಲ್ಲಿ ಬೆಟ್ಟ, ಕಡಲು, ಬೆಳಕು ಇಷ್ಟೇ ಇತ್ತು. ನನಗೆ ಆ ನಾಡು ಯಾಕೆ ಇಷ್ಟ ಎನ್ನುವ ಮುಖ್ಯ ಮಾತನ್ನೇ ಬಿಟ್ಟಿದ್ದೆ. ಅದನ್ನು ಈಗ ಹೇಳುತ್ತೇನೆ.

ಮೊದಲು ಮಳೆ. ನೀವು ಹೋದ ಕಾಲದಲ್ಲಿ ಅಲ್ಲಿ ಬೆಳಕು ಇರುವುದೇ ಏಳೆಂಟು ಗಂಟೆ. ಮಧ್ಯಾಹ್ನ ನಾಲ್ಕಕ್ಕೆ ದೀಪ ಹಾಕಬೇಕು. ಅಂಥ ದಿನಕ್ಕೆ ಅಲ್ಲಿಯವರ ಬಾಯಲ್ಲಿ ಒಂದು ಪದವಿದೆ, ‘ಡ್ರೀಖ್’. ಮಂಕು, ಒದ್ದೆ, ಚಳಿ, ಬೇಜಾರು ನಾಲ್ಕೂ ಅದರಲ್ಲಿ ಸೇರಿವೆ. ಮುಖಕ್ಕೆ ತಾಗಿದ್ದೂ ಗೊತ್ತಾಗದ ಸಣ್ಣ ಹನಿ ‘ಸ್ಮರ್’. ಪೂರ್ವದ ಕಡಲಿನಿಂದ ಊರೊಳಗೆ ಬರುವ ಮಂಜು ‘ಹಾರ್’. ಸೋನೆ ಬೇರೆ, ಜಡಿಮಳೆ ಬೇರೆ, ಪುನರ್ವಸು ಬೇರೆ, ಪುಷ್ಯ ಬೇರೆ ಎಂದು ಕೇಳುತ್ತಾ ಬೆಳೆದವರು ನೀವು. ಮಳೆಗೆ ಹೆಸರಿಡುವ ಜನ ಮಳೆಯ ಜೊತೆ ಬಾಳಿದವರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಘಟ್ಟದ ಲೆಕ್ಕ ಅಲ್ಲೂ ನಡೆಯುತ್ತದೆ. ಅಟ್ಲಾಂಟಿಕ್ ಸಾಗರದ ಗಾಳಿ ಪಶ್ಚಿಮದ ಬೆಟ್ಟಗಳಿಗೆ ಬಡಿದು ಹೆಚ್ಚಿನ ನೀರನ್ನು ಅಲ್ಲೇ ಸುರಿಸಿಬಿಡುತ್ತದೆ. ಆಚೆ ಹೋಗುವ ಹೊತ್ತಿಗೆ ಮೋಡ ಹಗುರ. ಹೊಸನಗರದಲ್ಲಿ ಸುರಿದ ಮಳೆ ಶಿಕಾರಿಪುರದಲ್ಲಿ ತೆಳುವಾಗುತ್ತದಲ್ಲ, ಹಾಗೇ. ಗ್ಲಾಸ್ಗೋ ಇರುವುದು ಪಶ್ಚಿಮಕ್ಕೆ. ಪೂರ್ವದ ಎಡಿನ್‌ಬರೋದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಬೆಂಗಳೂರಿಗಿಂತ ಕಡಿಮೆ!

ಇನ್ನು ಗಂಜಿ. ಓಟ್ಸ್ ಆ ನಾಡಿನ ರಾಗಿ. ಚಳಿ, ಒದ್ದೆ, ಬಡ ಮಣ್ಣು ಇರುವಲ್ಲಿ ಗೋಧಿ ಸರಿಯಾಗಿ ಬರುವುದಿಲ್ಲ, ಓಟ್ಸ್ ಬರುತ್ತದೆ. ಹಾಗಾಗಿ ನೂರಾರು ವರ್ಷ ಬಡವರ ಹೊಟ್ಟೆ ತುಂಬಿಸಿದ್ದು ಅದೇ. 1755ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ನಿಘಂಟಿನಲ್ಲಿ ಓಟ್ಸ್ ಪದಕ್ಕೆ ಅರ್ಥ ಬರೆಯುತ್ತಾ, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುವ ಧಾನ್ಯ ಎಂದರು. ಮುದ್ದೆ ತಿನ್ನುವವರನ್ನು ಪೇಟೆಯ ಜನ ಒಂದು ಕಾಲದಲ್ಲಿ ಹೇಗೆ ನೋಡುತ್ತಿದ್ದರು ಎಂದು ನಮಗೂ ಗೊತ್ತು ತಾನೇ? ಮಗಳು ನಿಮಗೆ ಸಕ್ಕರೆ, ಹಾಲು ಹಾಕಿ ಪಾರಿಜ್ ಕೊಟ್ಟಿರಬೇಕು. ಹಳೆಯ ಕ್ರಮ ಅದಲ್ಲ. ನೀರಿನಲ್ಲಿ ಬೇಯಿಸಿ, ಉಪ್ಪು ಹಾಕಿ, ಕೋಲಿನಂಥ ‘ಸ್ಪರ್ಟಲ್’ನಲ್ಲಿ ಗಂಟಾಗದ ಹಾಗೆ ತಿರುವುತ್ತಾ ಇರಬೇಕು. ಮುದ್ದೆ ಕೋಲು ಹಿಡಿದವರ ಕೈಗೆ ಅದು ಹೊಸದೇನೂ ಅನಿಸುವುದಿಲ್ಲ. ಒಮ್ಮೆ ಹಾಗೆ ಮಾಡಿ, ಮೇಲೆ ಒಂದು ಚಮಚ ಬೆಣ್ಣೆ ಹಾಕಿ ತಿಂದು ನೋಡಿ. ಅದೇ ಓಟ್ಸ್ ಹಿಟ್ಟಿನಿಂದ ಮಾಡುವ ಓಟ್‌ಕೇಕ್ ನಮ್ಮ ಖಡಕ್ ರೊಟ್ಟಿಯ ಹಾಗೆ ಗರಿಗರಿ. ‘ಟ್ಯಾಬ್ಲೆಟ್’ ಎಂಬ ಸಿಹಿ ಇದೆ. ಸಕ್ಕರೆ, ಬೆಣ್ಣೆ, ಕಂಡೆನ್ಸ್ಡ್ ಹಾಲು ಕಾಯಿಸಿ, ತಟ್ಟೆಗೆ ಸುರಿದು, ಬಿಲ್ಲೆ ಕೊಯ್ಯುವುದು. ಹಾಲಿನ ಬರ್ಫಿ ಮಾಡಿ ಗೊತ್ತಿರುವವರಿಗೆ ಮೊದಲ ತುಂಡಿನಲ್ಲೇ ಮನೆ ನೆನಪಾಗುತ್ತದೆ.

ಹ್ಯಾಗಿಸ್ ನೀವು ಮುಟ್ಟಿರಲಾರಿರಿ. ಕುರಿಯ ಹೃದಯ, ಈಲಿ, ಶ್ವಾಸಕೋಶ ಕೊಚ್ಚಿ, ಓಟ್ಸ್, ಈರುಳ್ಳಿ, ಮಸಾಲೆ ಸೇರಿಸಿ ಕುರಿಯ ಜಠರದಲ್ಲಿ ತುಂಬಿ ಬೇಯಿಸುವ ಅಡುಗೆ ಅದು. ಕುರಿ ಕೊಯ್ದರೆ ಏನನ್ನೂ ಎಸೆಯಬಾರದು ಎನ್ನುವ ಮನೆಗಳ ಊಟ. ಜೊತೆಗೆ ಕಿವುಚಿದ ಆಲೂಗಡ್ಡೆ ಮತ್ತು ಟರ್ನಿಪ್ ಜಾತಿಯ ಗೆಡ್ಡೆ. ಜನವರಿ 25, ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಅವತ್ತು ರಾತ್ರಿ ನಾಡಿಡೀ ಹ್ಯಾಗಿಸ್ ಮುಂದಿಟ್ಟುಕೊಂಡು ಅವರ ಪದ್ಯ ಓದುತ್ತಾರೆ. ಬರ್ನ್ಸ್ ರೈತನ ಮಗ, ತಾವೇ ನೇಗಿಲು ಹಿಡಿದವರು. 1759ರಲ್ಲಿ ಹುಟ್ಟಿ 37ನೇ ವಯಸ್ಸಿಗೇ ತೀರಿಕೊಂಡರು. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದರೂ ಅವರ ಒಳ್ಳೆಯ ಪದ್ಯಗಳು ಮನೆಯಲ್ಲಿ ಆಡುವ ಸ್ಕಾಟ್ಸ್ ಮಾತಿನಲ್ಲೇ ಇವೆ. ಒಂದು ಇಡೀ ದೇಶ ವರ್ಷಕ್ಕೊಂದು ರಾತ್ರಿ ಕವಿಯ ಹೆಸರಲ್ಲಿ ಊಟಕ್ಕೆ ಕೂರುತ್ತದೆ! ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ನಿಮಗೆ ಅನುಕೂಲವಾಗುವ ಸುದ್ದಿ ಇನ್ನೊಂದು. 1984ರಲ್ಲಿ ಎಡಿನ್‌ಬರೋದಲ್ಲಿ ಕವಿತೆಗಳಿಗೇ ಮೀಸಲಾದ ಗ್ರಂಥಾಲಯ ಶುರುವಾದಾಗ, ಮ್ಯಾಕ್‌ಸ್ವೀನ್ ಎಂಬ ಮಾಂಸದಂಗಡಿಯವರು ಆ ಸಮಾರಂಭಕ್ಕೆಂದು ಮಾಂಸವಿಲ್ಲದ ಹ್ಯಾಗಿಸ್ ಮಾಡಿಕೊಟ್ಟರು. ಕಾಳು, ಓಟ್ಸ್, ತರಕಾರಿ, ಮೆಣಸಿನ ಪುಡಿ ಇರುವ ಅದು ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಖಾರವೂ ಇದೆ.

ಈಗ ಬೋಳು ಗುಡ್ಡ. ನನ್ನ ಮುಖ್ಯ ಮಾತು ಇರುವುದು ಇಲ್ಲೇ.

ಮೊದಲ ಸಲ ಹೋದಾಗ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಎಷ್ಟು ದೊಡ್ಡ ಜಾಗ, ಒಂದು ಮನೆಯೂ ಇಲ್ಲವಲ್ಲ ಎಂದು. ಸ್ಕೈನಲ್ಲಿ ನಾವು ಉಳಿದಿದ್ದ ಮನೆಯ ಯಜಮಾನಿ, ಎಪ್ಪತ್ತು ದಾಟಿದವರು, ಒಂದು ಬೆಳಿಗ್ಗೆ “ನಡೆಯಲು ಆಗುತ್ತದಾ?” ಎಂದು ಕೇಳಿ ಬೋರೇರೇಗ್ ಎಂಬ ಜಾಗಕ್ಕೆ ಕರೆದುಕೊಂಡು ಹೋದರು. ಕಡಲ ದಂಡೆಯ ಇಳಿಜಾರು. ದೂರದಿಂದ ಬರೀ ಹುಲ್ಲು. ಹತ್ತಿರ ಹೋದರೆ ಮೊಣಕಾಲು ಎತ್ತರದ ಕಲ್ಲಿನ ಗೋಡೆಗಳು. ಇಲ್ಲಿ ಬಾಗಿಲು, ಇಲ್ಲಿ ದನದ ಕೊಟ್ಟಿಗೆ, ಇಲ್ಲಿ ಒಲೆ ಎಂದು ಅವರು ತೋರಿಸುತ್ತಾ ಹೋದರು. ಸುತ್ತಲಿನ ಗುಡ್ಡ ಕಂದು. ಆ ಗೋಡೆಗಳ ನಡುವೆ ಮಾತ್ರ ಕಣ್ಣಿಗೆ ಹೊಡೆಯುವ ಹಸಿರು. ತಲೆಮಾರುಗಟ್ಟಲೆ ಗೊಬ್ಬರ ತಿಂದ ಮಣ್ಣು ಅದು, ಇನ್ನೂ ಮರೆತಿಲ್ಲ. ಬಿಸಿಲು ಓರೆಯಾದಾಗ ಹಳೆಯ ಆಲೂಗಡ್ಡೆ ಏರಿಗಳ ಸಾಲು ನೆರಳಾಗಿ ಎದ್ದು ಕಂಡವು.

1853ರಲ್ಲಿ ಬೋರೇರೇಗಿನ ಜನರನ್ನು ಜಮೀನ್ದಾರರ ಕಡೆಯವರು ಎಬ್ಬಿಸಿ ಕಳಿಸಿದರು. ಕಾರಣ ಕುರಿ. ಹತ್ತಾರು ಬಡ ಒಕ್ಕಲುಗಳಿಂದ ಬರುವ ಗೇಣಿಗಿಂತ ಒಬ್ಬ ಕುರಿ ಸಾಕಣೆದಾರ ಕೊಡುವ ಗೇಣಿ ಜಾಸ್ತಿ. 18ನೇ ಶತಮಾನದ ಕೊನೆಯಿಂದ ಸುಮಾರು ನೂರು ವರ್ಷ ಹೈಲ್ಯಾಂಡ್ಸ್ ಎನ್ನುವ ಇಡೀ ಬೆಟ್ಟದ ಸೀಮೆಯಲ್ಲಿ ಇದು ನಡೆಯಿತು. ಉತ್ತರದ ಸದರ್‌ಲ್ಯಾಂಡಿನಲ್ಲಿ ಮನೆಗಳ ಮಾಡಿಗೆ ಬೆಂಕಿಯನ್ನೂ ಇಟ್ಟರು. ಜನ ಕಡಲ ದಂಡೆಗೆ, ಗ್ಲಾಸ್ಗೋದ ಕಾರ್ಖಾನೆಗಳಿಗೆ, ಹಡಗು ಹತ್ತಿ ಕೆನಡಾ, ಆಸ್ಟ್ರೇಲಿಯಾಕ್ಕೆ ಹೋದರು. ಅವರ ಗೇಲಿಕ್ ಭಾಷೆಯೂ ಆ ಕಣಿವೆಗಳಿಂದ ಅವರ ಜೊತೆಯೇ ಹೊರಟಿತು. 2022ರ ಜನಗಣತಿಯಲ್ಲಿ ಗೇಲಿಕ್ ಮಾತಾಡುವವರು ಸುಮಾರು 70 ಸಾವಿರ ಮಾತ್ರ. 2025ರಲ್ಲಿ ಅಲ್ಲಿನ ಸಂಸತ್ತು ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಡುವ ಕಾನೂನು ಮಾಡಿದೆ. ತಡವಾಯಿತು, ಆದರೂ ಮಾಡಿದರು.

ನೀವು ನೋಡಿದ್ದು ಖಾಲಿ ಮಾಡಿಸಿದ ಗುಡ್ಡ ಮೇಡಂ. ಪ್ರವಾಸಿಗಳ ಪೋಸ್ಟ್‌ಕಾರ್ಡಿನಲ್ಲಿ ಅದು ‘ಮನುಷ್ಯ ಮುಟ್ಟದ ನಿಸರ್ಗ’ ಎಂದು ಅಚ್ಚಾಗುತ್ತದೆ. ನನ್ನ ಲೇಖನದಲ್ಲೂ ಹೆಚ್ಚು ಕಡಿಮೆ ಹಾಗೇ ಆಯಿತು. ಅದು ತಪ್ಪು.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1882ರಲ್ಲಿ ಸ್ಕೈನ ಬ್ರೇಸ್ ಎಂಬಲ್ಲಿ ಒಕ್ಕಲುಗಳು ತಮ್ಮ ಹುಲ್ಲುಗಾವಲು ವಾಪಸ್ ಕೊಡುವ ತನಕ ಗೇಣಿ ಕೊಡುವುದಿಲ್ಲ ಎಂದರು. ಗ್ಲಾಸ್ಗೋದಿಂದ ಸುಮಾರು 50 ಪೊಲೀಸರು ಬಂದರು. ಎದುರು ನಿಂತವರಲ್ಲಿ ಹೆಂಗಸರು ಮುಂದೆ. ಕಲ್ಲು ಬೀಸಿದರು, ಲಾಠಿ ಏಟು ತಿಂದರು. ಸುದ್ದಿ ದೇಶವೆಲ್ಲ ಹರಡಿತು. ಸರ್ಕಾರ ವಿಚಾರಣಾ ಆಯೋಗ ಮಾಡಿತು. 1886ರಲ್ಲಿ ಕಾನೂನು ಬಂತು. ಆಮೇಲೆ ಆ ಸಣ್ಣ ಹಿಡುವಳಿಗಳ ಒಕ್ಕಲನ್ನು ಸುಮ್ನೆ ಎಬ್ಬಿಸುವ ಹಾಗಿರಲಿಲ್ಲ. ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಿಮ್ಮ ತಾಲ್ಲೂಕೇ. 1951ರ ಕಾಗೋಡು ಸತ್ಯಾಗ್ರಹ. ಗೇಣಿ ಅಳೆಯುವ ಕೊಳಗದ ಜಗಳ ಹೇಗೆ ಉಳುವವನ ಹಕ್ಕಿನ ಹೋರಾಟವಾಗಿ ಬೆಳೆಯಿತು ಎಂದು ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ. ಯಜಮಾನಿಗೆ ಅದನ್ನು ಹೇಳಿದೆ. ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ “ಆ ಅಳತೆ ಪಾತ್ರೆಯ ಹೆಸರು ಇನ್ನೊಂದು ಸಲ ಹೇಳು” ಎಂದರು. ಕೊಳಗ, ಕೊಳಗ ಎಂದು ಎರಡು ಸಲ ಹೇಳಿಕೊಂಡರು.

ಆ ಬೆಳಿಗ್ಗೆಯಿಂದ ಆ ನಾಡು ನನಗೆ ಹತ್ತಿರವಾಯಿತು. ಕಳೆದುಕೊಂಡ ನೆಲವನ್ನು ಅಲ್ಲಿಯ ಜನ ಇವತ್ತಿಗೂ ಸ್ವಲ್ಪ ಸ್ವಲ್ಪವೇ ವಾಪಸ್ ಪಡೆಯುತ್ತಿದ್ದಾರೆ. ಎಗ್ ಎಂಬ ಪುಟ್ಟ ದ್ವೀಪ ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಮಾರಾಟವಾಗುತ್ತಲೇ ಇತ್ತು, ಮೇಲಿದ್ದ ಜನರ ಸಮೇತ. 1997ರಲ್ಲಿ ಸುಮಾರು 65 ಜನ ನಿವಾಸಿಗಳು ಚಂದಾ ಎತ್ತಿ, 15 ಲಕ್ಷ ಪೌಂಡಿಗೆ ದ್ವೀಪವನ್ನು ಕೊಂಡುಕೊಂಡರು. ಈಗ ಅದರ ಒಡೆತನ ಊರಿನ ಟ್ರಸ್ಟಿನದು. 2008ರಿಂದ ನೀರು, ಗಾಳಿ, ಬಿಸಿಲಿನಿಂದ ತಾವೇ ಕರೆಂಟ್ ಮಾಡಿಕೊಳ್ಳುತ್ತಾರೆ. ಒಂದು ಮನೆ ಒಮ್ಮೆಗೆ 5 ಕಿಲೋವಾಟ್ ಮೀರಿ ಬಳಸುವ ಹಾಗಿಲ್ಲ, ಎಲ್ಲರಿಗೂ ಸಿಗಲಿ ಎಂದು.

2003ರಲ್ಲಿ ಇನ್ನೊಂದು ಕಾನೂನು ಬಂತು. ಸ್ಕಾಟ್ಲೆಂಡಿನ ಹೆಚ್ಚು ಕಡಿಮೆ ಯಾವ ಬೆಟ್ಟ, ಕಾಡು, ಕೆರೆ ದಂಡೆಯಲ್ಲೂ ಯಾರು ಬೇಕಾದರೂ ನಡೆಯಬಹುದು. ಜಮೀನು ಯಾರದ್ದೇ ಇರಲಿ. ಬೆಳೆ ತುಳಿಯಬಾರದು, ಮನೆಯಂಗಳಕ್ಕೆ ನುಗ್ಗಬಾರದು, ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು, ಅಷ್ಟೇ. ಬೆಟ್ಟಗಳ ನಡುವೆ ‘ಬಾಥಿ’ ಎಂಬ ಹಳೆಯ ಕಲ್ಲುಮನೆಗಳಿವೆ. ಬೀಗವಿಲ್ಲ, ಬಾಡಿಗೆಯಿಲ್ಲ. 1965ರಲ್ಲಿ ಶುರುವಾದ ಒಂದು ಸಂಘದ ಸ್ವಯಂಸೇವಕರು ಇಂಥ ಸುಮಾರು ನೂರು ಮನೆಗಳನ್ನು ನೋಡಿಕೊಳ್ಳುತ್ತಾರೆ. ಒಂದು ರಾತ್ರಿ ಜೋರು ಮಳೆಯಲ್ಲಿ ನೆನೆದು ಅಂಥದ್ದೊಂದಕ್ಕೆ ಹೋಗಿ ಸೇರಿದೆ. ಒಳಗೆ ಗುರುತಿಲ್ಲದ ಮೂವರು. ನನ್ನ ಒದ್ದೆ ಕಾಲುಚೀಲ ತೆಗೆದುಕೊಂಡು ಒಲೆಯ ಹತ್ತಿರ ಒಣಹಾಕಿದರು. ಆಮೇಲೆ ಹೆಸರು ಕೇಳಿದರು. ನನ್ನ ಚೀಲದಲ್ಲಿ ಅಕ್ಕ ಕಳಿಸಿದ್ದ ಕೋಡುಬಳೆ ಇತ್ತು. ಅವರಲ್ಲಿ ಟ್ಯಾಬ್ಲೆಟ್ ಇತ್ತು. ಅದಕ್ಕಿಂತ ರುಚಿಯಾದ ರಾತ್ರಿ ಊಟ ನನಗೆ ನೆನಪಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ಕಷ್ಟದ್ದು. ಆಳಿದವರು ಹೌದು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವರು. ಬಳ್ಳಾರಿ ಸೀಮೆಯ ಕಂದಾಯ ನಿಗದಿ ಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದವರು. ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆಸಿ, ಶಾಸನ, ಕೈಬರಹಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವರು. ಗ್ಲಾಸ್ಗೋದಲ್ಲಿ ನೀವು ಓಡಾಡಿದ ಬ್ಯುಕ್ಯಾನನ್ ಸ್ಟ್ರೀಟಿಗೆ ಗುಲಾಮರು ಬೆಳೆದ ತಂಬಾಕಿನಿಂದ ಶ್ರೀಮಂತನಾದ ವ್ಯಾಪಾರಿಯ ಹೆಸರಿದೆ. 2022ರಲ್ಲಿ ಗ್ಲಾಸ್ಗೋ ನಗರಸಭೆ ಗುಲಾಮಗಿರಿಯಲ್ಲಿ ತನ್ನ ಪಾಲಿಗೆ ಕ್ಷಮೆ ಕೇಳಿತು. ತಮ್ಮ ನಾಡಿನಲ್ಲೇ ಜನ ನೆಲ ಕಳೆದುಕೊಳ್ಳುತ್ತಿದ್ದಾಗ, ಅಲ್ಲಿಂದ ಬಂದವರು ಇಲ್ಲಿ ಇನ್ನೊಬ್ಬರ ನೆಲ ಅಳೆದರು. ಈ ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ನಾನು ಆ ನಾಡನ್ನು ಪ್ರೀತಿಸುತ್ತೇನೆ. ಒಂದನ್ನು ಮರೆತು ಇನ್ನೊಂದನ್ನು ಪ್ರೀತಿಸಲು ನನಗೆ ಬರುವುದಿಲ್ಲ.

ಹೋಗಿ ಮೇಡಂ, ಖಂಡಿತ ಹೋಗಿ. ಮೇ ತಿಂಗಳು ಹಿಡಿಯಿರಿ. ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಮಿಜ್ ಎಂಬ ಕಚ್ಚುವ ಗುಂಗುರುಗಳ ಕಾಟ ಇನ್ನೂ ಜೋರಾಗಿರುವುದಿಲ್ಲ. ಮೊಣಕಾಲು ನೋವಿದ್ದರೆ ಗ್ಲಾಸ್ಗೋದಿಂದ ಮ್ಯಾಲೇಗ್‌ಗೆ ಹೋಗುವ ರೈಲು ಹತ್ತಿ, ಕಿಟಕಿಯಲ್ಲೇ ಬೆಟ್ಟ ನೋಡಬಹುದು. ಬೋಳು ಗುಡ್ಡ ಕಂಡಾಗ ಹುಲ್ಲಿನ ಬಣ್ಣ ಗಮನಿಸಿ. ಒಂದು ತುಂಡು ಮಾತ್ರ ಕಡು ಹಸಿರಿದ್ದರೆ ಅಲ್ಲಿ ಗೋಡೆ ಇರಬಹುದು.

ಇನ್ನೊಂದು ಕೋರಿಕೆ. ಒಂದು ದಿನ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ಗೆ ಹೋಗಿ ಬನ್ನಿ. ತೋಟಕ್ಕೆ ಟಿಕೆಟ್ ಇಲ್ಲ. 1840ರ ದಶಕದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ ಡಾಕ್ಟರ್ ಶಿವಮೊಗ್ಗದಲ್ಲಿ ಕೆಲಸ ಮಾಡಿದ್ದರು. ಮುಂದೆ ಮದ್ರಾಸಿನ ಅರಣ್ಯಾಧಿಕಾರಿಯಾಗಿ, ಕಾಡು ಕಡಿದು ಸುಟ್ಟು ಬೆಳೆ ತೆಗೆಯುವ ಕುಮರಿ ಬೇಸಾಯ ನಿಲ್ಲಬೇಕು ಎಂದು ವಾದಿಸಿದವರೂ ಅವರೇ. ಆದರೆ ಶಿವಮೊಗ್ಗದಲ್ಲಿದ್ದಾಗ ಅವರು ನಮ್ಮ ಕಡೆಯ ಚಿತ್ರಕಾರರಿಂದ ಸುತ್ತಲಿನ ಗಿಡಗಳ ಚಿತ್ರ ಬರೆಸಿದರು. ಆ ಸಂಗ್ರಹ ಈಗ ಆ ತೋಟದ ಗ್ರಂಥಾಲಯದಲ್ಲಿದೆ. ಮೊದಲೇ ಪತ್ರ ಬರೆದು, ಶಿವಮೊಗ್ಗದ ಚಿತ್ರಗಳನ್ನು ನೋಡಬಹುದೇ ಎಂದು ಮಗಳ ಕೈಲಿ ಕೇಳಿಸಿ. ಆ ಗಿಡಗಳಿಗೆ ನಿಮ್ಮ ಕಡೆ ಏನೇನು ಹೆಸರಿದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯಾವ ಯಾವ ಗಿಡದ ಗುರುತು ಸಿಕ್ಕಿತು ಎಂದು ನಮಗೆ ಬರೆದು ಕಳಿಸಿ. ಅಚ್ಚು ಮಾಡುತ್ತೇವೆ.

ಸಂಪಾದಕ