ಕಾಲುಚೀಲವೇ ವಾಸಿ

ನ್ಯೂಜೆರ್ಸಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ಮಗನ ದೆಸೆಯಿಂದ ನಾನೂ ಬೇಸ್‌ಬಾಲ್ ನೋಡುವಂತಾಗಿದೆ. ಕೋಟಿಗಟ್ಟಲೆ ಡಾಲರ್ ದುಡಿಯುವ ತಂಡಕ್ಕೆ ಕಾಲುಚೀಲದ ಹೆಸರು! ಆಟಗಾರರಿಗೂ ಅಂಥವೇ ಅಡ್ಡಹೆಸರು, ಕೆಲವಂತೂ ಅವಮಾನಕರ. ಇವನ್ನೆಲ್ಲ ಬಿಟ್ಟು ಘನತೆಯ ಹೆಸರಿಟ್ಟುಕೊಳ್ಳಬಾರದೆ?”

ಅವಮಾನದ ಮಾತು ಒಪ್ಪಿದೆ. ಅಮೆರಿಕದ ಮೂಲನಿವಾಸಿ ಓಜಿಬ್ವೆ ಬುಡಕಟ್ಟಿನ ಆಟಗಾರ ಚಾರ್ಲ್ಸ್ ಬೆಂಡರನನ್ನು ಎಲ್ಲರೂ ‘ಚೀಫ್’ (ಬುಡಕಟ್ಟಿನ ನಾಯಕ) ಎಂದೇ ಕರೆದರು; ಅವನಿಗೆ ಅದು ಹಿಡಿಸುತ್ತಿರಲಿಲ್ಲ. ಅದೇ ಮೂಲನಿವಾಸಿಗಳನ್ನು ಸೂಚಿಸುವ ‘ಇಂಡಿಯನ್ಸ್’ ಎಂಬ, 1915ರಿಂದ ಹೊತ್ತಿದ್ದ ಹೆಸರನ್ನು ಕ್ಲೀವ್‌ಲೆಂಡ್ ತಂಡ ಕಳಚಿಟ್ಟು 2022ರ ಋತುವಿನಿಂದ ‘ಗಾರ್ಡಿಯನ್ಸ್’ ಆದದ್ದೂ ನ್ಯಾಯವೇ. ಅಲ್ಲಿಗೆ ನಿಮ್ಮ ಪಾಲು ಮುಗಿಯಿತು.

ಕಾಲುಚೀಲವನ್ನು ಮಾತ್ರ ಬಿಟ್ಟುಕೊಡಲಾರೆ. ಷಿಕಾಗೊದ ‘ವೈಟ್ ಸ್ಟಾಕಿಂಗ್ಸ್’ ಒಂದು ಕಾಲಮ್ಮಿನ ತಲೆಬರಹದಲ್ಲಿ ಜಾಗ ಸಾಲದೆ ಪತ್ರಿಕೆಗಳವರು ಅದನ್ನು ‘ವೈಟ್ ಸಾಕ್ಸ್’ ಎಂದು ಮೊಟಕುಗೊಳಿಸಿದರು. ಉಪಸಂಪಾದಕನ ಕತ್ತರಿಯಿಂದ ಹುಟ್ಟಿದ ಹೆಸರನ್ನು ಈ ಕುರ್ಚಿಯಲ್ಲಿ ಕುಳಿತು ಹೀಗಳೆಯಲೇ? ಬ್ರೂಕ್ಲಿನ್‌ಗೆ ವಿದ್ಯುತ್ ಟ್ರಾಮ್ ಬಂದಾಗ ಜನ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದರು. ಟ್ರಾಮಿಗೆ ಸಿಗದೆ ನುಣುಚಿಕೊಳ್ಳುವವರೆಂಬ ಆ ಕುಚೋದ್ಯವೇ ‘ಡಾಜರ್ಸ್’ ಆಯಿತು. ತಂಡ 1958ರಲ್ಲಿ ಲಾಸ್ ಏಂಜಲೀಸಿಗೆ ಗುಳೆ ಹೋದಾಗ ಟ್ರಾಮಿನ ಭಯ ಬ್ರೂಕ್ಲಿನ್‌ನಲ್ಲೇ ಉಳಿಯಿತು, ಹೆಸರು ಮಾತ್ರ ರೈತನ ಜೊತೆ ಸಂತೆಗೆ ಹೊರಟ ನಾಯಿಯಂತೆ ಹಿಂದೆಯೇ ಹೋಯಿತು.

ಮಾರ್ಡೆಕೈ ಬ್ರೌನ್ ಎಂಬ ಇಂಡಿಯಾನದ ಹುಡುಗನ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು. ತೋರುಬೆರಳು ಮೋಟಾಯಿತು, ಉಳಿದ ಬೆರಳುಗಳೂ ಸೊಟ್ಟಗಾದವು. ಆ ಕೈಯಿಂದ ಬಿಟ್ಟ ಚೆಂಡು ಬ್ಯಾಟಿನ ಹತ್ತಿರ ಬಂದೊಡನೆ ದಿಢೀರನೆ ಕೆಳಗಿಳಿಯುತ್ತಿತ್ತು. ನೆಟ್ಟಗಿನ ಬೆರಳಿನವರಿಗೆ ಅದು ಒಲಿಯಲಿಲ್ಲ. ಷಿಕಾಗೊ ಕಬ್ಸ್‌ನ ಈ ‘ಮೂರು ಬೆರಳಿನ ಬ್ರೌನ್’ ತನ್ನ ಆಟದ ಬದುಕಿನಲ್ಲಿ ಒಟ್ಟು 239 ಪಂದ್ಯ ಗೆದ್ದ. ಇದಕ್ಕಿಂತ ಘನತೆಯ ಹೆಸರು ನಿಮ್ಮಲ್ಲಿದ್ದರೆ ಕಳಿಸಿಕೊಡಿ.

ಯೋಗಿ ಬೆರಾನನ್ನು ನೀವು ಮರೆತದ್ದಂತೂ ಅಕ್ಷಮ್ಯ. ಸೇಂಟ್ ಲೂಯಿಸ್‌ನ ಇಟಾಲಿಯನ್ ಮನೆತನದ ಲಾರೆನ್ಸ್ ಬೆರಾ ತನ್ನ ಸರದಿ ಕಾಯುತ್ತ ಕೈಕಟ್ಟಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಭಾರತದ ಯೋಗಿಯೊಬ್ಬನನ್ನು ಚಿತ್ರದಲ್ಲಿ ನೋಡಿ ಬಂದಿದ್ದ ಗೆಳೆಯ ಹಾಗೆಂದೇ ಕರೆದ. ನ್ಯೂಯಾರ್ಕ್ ಯಾಂಕೀಸ್ ಪರ ಆಡಿ ಹತ್ತು ವರ್ಲ್ಡ್ ಸೀರೀಸ್ (ವರ್ಷದ ಅಂತಿಮ ಸರಣಿ) ಗೆದ್ದವನನ್ನು ಲೋಕವೆಲ್ಲ ನಮ್ಮ ಹೆಸರಿನಿಂದ ಕರೆಯಿತು. ಅವನ ವಸ್ತುಸಂಗ್ರಹಾಲಯ ನಿಮ್ಮ ನ್ಯೂಜೆರ್ಸಿಯಲ್ಲೇ ಇದೆ. ಮಗನನ್ನು ಕರೆದುಕೊಂಡು ಹೋಗಿ ಬನ್ನಿ, ಪತ್ರ ಆಮೇಲೆ ಬರೆದರಾಯಿತು.

ಈಗಿನ ಅಡ್ಡಹೆಸರುಗಳಲ್ಲಿ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಅಲೆಕ್ಸ್ ರೋಡ್ರಿಗಸ್ ‘ಎ-ರಾಡ್’ ಆದ ಮೇಲೆ ಮೊದಲಕ್ಷರಕ್ಕೆ ಉಪನಾಮದ ತುಂಡು ಅಂಟಿಸುವುದೇ ಪದ್ಧತಿಯಾಯಿತು. 2017ರಲ್ಲಿ ಲೀಗಿನವರೇ ಒಂದು ವಾರಾಂತ್ಯ ಗೊತ್ತುಮಾಡಿ, ಅಡ್ಡಹೆಸರುಗಳನ್ನು ಅಂಗಿಯ ಬೆನ್ನಿಗೆ ಅಚ್ಚು ಹಾಕಿಸಿದರು. ಅಂಗಿಗಳನ್ನು ಮಾರಾಟಕ್ಕೂ ಇಟ್ಟರು. ಮಾನ ಉಳಿಸಿದವನು ಸಿಯಾಟಲ್‌ನ ಕೈಲ್ ಸೀಗರ್. ತನಗಿಂತ ಹೆಚ್ಚು ಸದ್ದು ಮಾಡುತ್ತಿದ್ದ ಆಟಗಾರ ತಮ್ಮ ಕೋರಿಯ ಹೆಸರು ಹಿಡಿದು ‘ಕೋರಿಯ ಅಣ್ಣ’ ಎಂದು ಬರೆಸಿಕೊಂಡು ಮೈದಾನಕ್ಕಿಳಿದ.

ಘನತೆ ಎಂದಿರಲ್ಲ, ನಿಮ್ಮ ವೈಟ್ ಸಾಕ್ಸ್ ಆಡುವ ಮೈದಾನವನ್ನೇ ನೋಡಿ. ತಂಡ ಕಟ್ಟಿದವನ ನೆನಪಿಗೆ ‘ಕಮಿಸ್ಕಿ ಪಾರ್ಕ್’ ಎಂದಿದ್ದುದು 2003ರಲ್ಲಿ ಮೊಬೈಲ್ ಕಂಪನಿಯ ಹೆಸರಾಯಿತು, 2016ರಲ್ಲಿ ಗೃಹಸಾಲದ ಕಂಪನಿಯದಾಯಿತು. ಆ ಹೆಸರುಗಳು ಯಾರ ಗೇಲಿಯಿಂದಲೂ ಹುಟ್ಟಲಿಲ್ಲ, ಯಾರ ನಾಲಿಗೆಯಲ್ಲೂ ಹುಟ್ಟಲಿಲ್ಲ. ಕರಾರುಪತ್ರಕ್ಕೆ ಸಹಿ ಬಿದ್ದಿತು, ಅಷ್ಟೆ. ಕ್ರೀಡಾಪುಟಗಳೂ ಮರುದಿನದಿಂದ ಹೊಸ ಹೆಸರನ್ನೇ ತಪ್ಪಿಲ್ಲದೆ ಅಚ್ಚು ಹಾಕಿದವು. ಹಿಂದೆ ತಂಡಕ್ಕೇ ನಾಮಕರಣ ಮಾಡುತ್ತಿದ್ದ ಪತ್ರಿಕೆಗಳು ಇವು! ನಿಮ್ಮ ಸಿಟ್ಟು ಇನ್ನೂ ಆರಿಲ್ಲದಿದ್ದರೆ ದಯವಿಟ್ಟು ಅತ್ತ ತಿರುಗಿಸಿ.

— ಸಂ.